ಸುಮಿರೆಯ ಸರದಿಯ ಬಟ್ಟೆ

ಪ್ರಿಯ ಸುಮಿರೆ,

‘ಕಲ್ಲು ಉಳಿಯುತ್ತದೆ, ಬಟ್ಟೆ...’ ಬಟ್ಟೆ ಏನಾಗುತ್ತದೆ ಎಂದಿದ್ದೆ ನೀನು? ಹರಿಯುತ್ತದೆ ಎಂದೆಯೋ, ಹೋಗುತ್ತದೆ ಎಂದೆಯೋ, ಈಗ ನೆನಪಾಗುತ್ತಿಲ್ಲ. ನಮ್ಮೂರು ಲಪಾಹದ ಹಳೆಯ ಅರಸರ ಗೋರಿಯ ಮೆಟ್ಟಿಲ ಮೇಲೆ ಕುಳಿತು ಹೇಳಿದ ಮಾತದು. ಯಾರದೋ ಸಾಲೋ ನಿನ್ನದೇ ಮಾತೋ ಎಂದು ಕೇಳಬೇಕೆಂದುಕೊಂಡೆ, ಕೇಳಲಿಲ್ಲ. ನನಗೆ ಅವತ್ತೇ ಅನುಮಾನವಿತ್ತು. ಆ ಕಲ್ಲುಗಳು ಉಳಿದಿರುವುದು ನಿಜ. ಆದರೆ ಮೂಲೆಯ ಆ ಸಣ್ಣ ಗೋರಿಯಲ್ಲಿ ಮಲಗಿರುವವರು ಯಾರ ಪೂರ್ವಜರು ಎಂದು ನಮ್ಮೂರಿನ ಎರಡು ಮನೆಯವರು ಇವತ್ತಿಗೂ ಮಾತು ಬಿಟ್ಟಿದ್ದಾರೆ. ಕಲ್ಲು ಉಳಿದರೆ ಎಲ್ಲವೂ ಉಳಿದಂತೆ ಎಂದು ನನಗೇನೂ ಅನಿಸುವುದಿಲ್ಲ.

ನಿನ್ನ ನಾರುಬಟ್ಟೆಯ ವಿಷಯ ತಿಳಿಸಲು ಬರೆಯುತ್ತಿದ್ದೇನೆ. ಅದು ನಿನ್ನ ಗೋಡೆಗೆ ಬರುವುದಿಲ್ಲ.

ನಮ್ಮ ದ್ವೀಪದ ಶಾಲೆಯ ಮಕ್ಕಳಿಗೆ ಮಣಿಚೌಕಟ್ಟಿನಲ್ಲಿ ಲೆಕ್ಕ ಮಾಡುವುದನ್ನು ಕಲಿಸಲು ಜಪಾನಿನಿಂದ ಬಂದವಳು ನೀನು. ಐವತ್ತರ ಹತ್ತಿರ ಬಂದ ನಾನೂ ನೋಡಿರದ ಜಾಗಗಳನ್ನೆಲ್ಲ ಸೈಕಲ್ ತುಳಿದು ನೋಡಿಬಿಟ್ಟೆ. ಮೂರು ಕಲ್ಲಿನ ಹೆಬ್ಬಾಗಿಲ ಕೆಳಗೆ ಸೂರ್ಯ ಹುಟ್ಟುವುದನ್ನು ಕಾದೆ. ಹಿಂದಿನ ಕಾಲದ ನಾಯಕರು ಪಾರಿವಾಳ ಹಿಡಿಯುತ್ತಿದ್ದ ದಿಬ್ಬಗಳನ್ನು ಹುಡುಕಿಕೊಂಡು ಹೋಗಿ ಕಾಲು ತುಂಬ ಮುಳ್ಳು ಗೀರಿಸಿಕೊಂಡು ಬಂದೆ. ಜೊತೆಗೆ ಬಂದಾಗಲೆಲ್ಲ ನಾನು ನೋಡುತ್ತಿದ್ದದ್ದು ದಿಬ್ಬವನ್ನಲ್ಲ, ನಿನ್ನನ್ನು. ಗೋರಿಗಳ ಗೋಡೆಯ ಪಕ್ಕದಲ್ಲಿ ಹಂದಿ ಅಟ್ಟಿಕೊಂಡು ಬೆಳೆದವಳಿಗೆ, ಅವುಗಳ ಮುಂದೆ ಒಬ್ಬರು ಹಾಗೆ ಉಸಿರು ಹಿಡಿದು ನಿಲ್ಲುವುದೇ ಹೊಸ ನೋಟ.

ಆಮೇಲೆ ನೀನು ನಾರುಬಟ್ಟೆಯ ಹೆಂಗಸರ ಗುಂಪಿಗೆ ಬಂದೆ. ಉದ್ದನೆಯ ಹಲಗೆಯ ಎರಡೂ ಬದಿಗೆ ಕುಳಿತು, ಜಜ್ಜಿ ತೆಳುವಾಗಿಸಿದ ತೊಗಟೆಯ ಹಾಳೆಗಳನ್ನು ಅರೆಬೆಂದ ಗೆಡ್ಡೆಯಿಂದ ಅಂಟಿಸುವಾಗ, ನೀನು ಅಂಚಿಗೆ ಅಂಚು ಕೂಡಿಸಿ, ಬಗ್ಗಿ ನೋಡಿ, ಮತ್ತೆ ಸರಿ ಮಾಡುತ್ತಿದ್ದೆ. ಗುಂಪಿನ ಹಿರಿಯಳಾದ ತೋವಾಕಾಸೆ ಅಜ್ಜಿಗೆ ತಾಳ್ಮೆ ಕೆಡುತ್ತಿತ್ತು. “ಏ ಸುಮಿಲೆ, ಅದೇನು ರಾಜಕುಮಾರಿ ಕೆನ್ನೆ ಅಂದ್ಕೊಂಡ್ಯಾ ಹಂಗೆ ಸವರೋಕೆ? ಬಡಿದು ಹಾಕು, ಮುಂದಕ್ಕೆ ತಳ್ಳು!” ನಿನ್ನ ಹೆಸರಿನ ‘ರೆ’ ನಮ್ಮವರ ನಾಲಿಗೆಗೆ ಕೊನೆಗೂ ಹತ್ತಲಿಲ್ಲ. ನನ್ನ ಪಕ್ಕದ ಮನೆಯ ಫೂಸಿ, “ಬಿಡಜ್ಜಿ, ಅವಳದ್ದು ಮುಗಿಯೋ ಹೊತ್ತಿಗೆ ನಿನ್ನ ಮೊಮ್ಮಗಳಿಗೆ ಮೊಮ್ಮಕ್ಕಳಾಗಿರ್ತಾರೆ” ಅಂದರೆ ಎಲ್ಲರಿಗಿಂತ ಜೋರಾಗಿ ನೀನೇ ನಗುತ್ತಿದ್ದೆ.

ನಮ್ಮ ಗುಂಪಿನ ಕ್ರಮ ನಿನಗೆ ಗೊತ್ತು. ಎಲ್ಲರೂ ಕುಳಿತು ಮಾಡಿದ ಬಟ್ಟೆ ಒಬ್ಬಳಿಗೆ, ಅವತ್ತಿನ ಊಟ ಅವಳ ಮನೆಯದು. ಮುಂದಿನ ಬಟ್ಟೆ ಇನ್ನೊಬ್ಬಳಿಗೆ. ನೀನು ಎಲ್ಲರ ಸರದಿಗೂ ಕುಳಿತೆ. ನಿನ್ನ ಸರದಿ ಬರುವಷ್ಟರಲ್ಲಿ ನಿನ್ನ ತಂದೆಗೆ ಪಾರ್ಶ್ವವಾಯು ಹೊಡೆದ ಸುದ್ದಿ ಬಂತು. ಹೊರಡುವ ಗಡಿಬಿಡಿಯಲ್ಲಿ ನೀನು, “ನನಗೆ ಬಟ್ಟೆ ಬೇಡ, ಕಲಿತದ್ದೇ ಸಾಕು” ಅಂದೆ. ಅದು ನಿನ್ನ ದೇಶದಲ್ಲಿ ಒಳ್ಳೆಯ ಮಾತಿರಬಹುದು. ಇಲ್ಲಿ ನೀನು ವಿಮಾನ ಹತ್ತಿದ ಮೇಲೆ ತೋವಾಕಾಸೆ ಅಜ್ಜಿ ಮೂರು ದಿನ ಗೊಣಗಿದಳು. “ಬೇಡ ಅನ್ನೋಕೆ ಇವಳ್ಯಾರು? ನಾವೇನು ಇವಳ ಕೈಲಿ ಪುಕ್ಕಟೆ ದುಡಿಸ್ಕೊಂಡ್ವಾ?”

ನಿನ್ನ ಸರದಿಯನ್ನು ನೀನಿಲ್ಲದೆಯೇ ಮಾಡಿದೆವು. ಕೆಸುವಿನೆಲೆಯಲ್ಲಿ ಮಾಂಸ, ತೆಂಗಿನಹಾಲು ಕಟ್ಟಿ ಬೇಯಿಸಿ ನಿನ್ನ ಪರವಾಗಿ ನಾನು ಬಡಿಸಿದೆ. ಅಜ್ಜಿ ಜೋಡಿಹಕ್ಕಿಯ ಚಿತ್ರ ಹಾಕಿಸಿದಳು. ಅಂಚಿನಲ್ಲಿ ತನ್ನ ಕೈಯಾರೆ ನಿನ್ನ ಲೆಕ್ಕದ ಮಣಿಗಳನ್ನು ಬರೆದಳು. ಫೂಸಿ ನೋಡಿ, “ಇದೇನಜ್ಜಿ, ಹಂದಿ ಹಿಕ್ಕೆ ಇದ್ದಂಗಿದೆ” ಅಂದಳು. “ನಿನ್ನ ಮೂತಿಗಿಂತ ವಾಸಿ” ಎಂದು ಅಜ್ಜಿ ಬರೆಯುತ್ತಲೇ ಇದ್ದಳು.

ನಿನ್ನ ಬಟ್ಟೆ ಆಗಿದೆ ಎಂದು ನಾನು ತಿಳಿಸಿದ್ದಕ್ಕೆ, ತಂದೆ ತೀರಿಕೊಂಡ ಮೇಲೆ ನೀನು ಬರೆದ ಕಾಗದ ನನ್ನ ಮೇಜಿನ ಮೇಲೆಯೇ ಇದೆ. ಅವರ ಕೋಣೆಯಲ್ಲಿ ಈಗ ನೀನಿದ್ದೀಯ, ಬರಿ ಗೋಡೆ ನೋಡಲಾಗುತ್ತಿಲ್ಲ, ಆ ಬಟ್ಟೆ ಕಳಿಸಿ, ಅಳತೆ ಮಾಡಿಟ್ಟಿದ್ದೇನೆ ಎಂದು ಬರೆದಿದ್ದೆ. ನೀನು ನಮ್ಮಲ್ಲಿ ಏನನ್ನಾದರೂ ಕೇಳಿದ್ದು ಅದೊಂದೇ ಸಲ. ಮಡಿಸಿದರೆ ಗೆರೆ ಬೀಳುತ್ತದೆಂದು ಸುರುಳಿ ಸುತ್ತಿ ಮಂಚದಡಿ ಇಟ್ಟಿದ್ದೆ. ರಗ್ಬಿ ಆಡಲು ನಿಮ್ಮ ದೇಶಕ್ಕೆ ಹೊರಟಿದ್ದ ನನ್ನ ಅಣ್ಣನ ಮಗನ ಕೈಯಲ್ಲಿ ಕಳಿಸುವುದೆಂದು ನಿಶ್ಚಯವಾಗಿತ್ತು.

ಅವನು ಹೊರಡುವ ವಾರ ತೋವಾಕಾಸೆ ಅಜ್ಜಿ ಹೋದಳು. ಮಧ್ಯಾಹ್ನ ಮಲಗಿದವಳು ಏಳಲಿಲ್ಲ. ಸಾವಿನ ನೇಮದಂತೆ ಊರಿನಲ್ಲಿ ತೊಗಟೆ ಜಜ್ಜುವ ಸದ್ದು ನಿಂತಿತು. ಹಾಗೆ ನಿಂತಾಗ ಮಾತ್ರ ನಾವು ದಿನವಿಡೀ ಆ ಸದ್ದಿನೊಳಗೆ ಬದುಕುತ್ತೇವೆಂದು ತಿಳಿಯುತ್ತದೆ. ಶವಪೆಟ್ಟಿಗೆಯ ಕೆಳಗೆ ಹಾಸಲು ಅವಳ ಮನೆಯಲ್ಲಿ ಒಂದು ತುಂಡು ನಾರುಬಟ್ಟೆಯೂ ಇರಲಿಲ್ಲ. ಮೊಮ್ಮಗಳ ಮದುವೆಗೆ ಇದ್ದದ್ದನ್ನೆಲ್ಲ ಕೊಟ್ಟಿದ್ದಳು. ಗುಂಪಿನ ನಾವೂ ನಮ್ಮದನ್ನು ಅದೇ ಮದುವೆಗೆ ಕೊಟ್ಟು ಕೈ ಖಾಲಿ ಮಾಡಿಕೊಂಡಿದ್ದೆವು.

ಫೂಸಿ ನನ್ನ ಮುಖ ನೋಡಿದಳು. “ಟೀಚರಮ್ಮ, ನಿನ್ನ ಮಂಚದಡಿ ಒಂದಿದೆಯಲ್ಲ.”

ಅದು ನನ್ನದಲ್ಲ, ಅವಳನ್ನು ಕೇಳಬೇಕು ಎಂದೆ.

“ಸಾವಿಗೆ ಕೊಡೋಕೆ ಯಾರಾದ್ರೂ ಕಾಗದ ಬರೆದು ಕೇಳ್ತಾರಾ? ಅವಳಿಲ್ಲೇ ಇದ್ದಿದ್ರೆ ಏನ್ಮಾಡ್ತಿದ್ಲು, ಅದು ಹೇಳು.”

ನಿನಗೆ ಫೋನು ಮಾಡಿದೆ. ನೀನು ಎತ್ತಲಿಲ್ಲ. ಒಂದಷ್ಟು ಹೊತ್ತು ಮಂಚದ ಮೇಲೆ ಕುಳಿತಿದ್ದೆ. ನಿನ್ನ ಗೋಡೆಯನ್ನು ನಾನು ಕಂಡವಳಲ್ಲ, ಆದರೂ ಅದೇ ಕಣ್ಣ ಮುಂದಿತ್ತು. ಅಲ್ಲಿಗೆ ಹೋದರೆ ಈ ಬಟ್ಟೆ ನೀನು ಒಂದು ಕಾಲದಲ್ಲಿ ಇಲ್ಲಿದ್ದೆ ಎಂದು ಹೇಳುತ್ತದೆ. ಅಜ್ಜಿಯ ಕೆಳಗೆ ಹೋದರೆ ನೀನು ಇಲ್ಲಿಯವಳು ಎನ್ನುತ್ತದೆ. ಎರಡರಲ್ಲಿ ನಿನಗೆ ಯಾವುದು ಬೇಕಿತ್ತೋ ನನಗೆ ಗೊತ್ತಿಲ್ಲ, ಈಗಲೂ ಗೊತ್ತಿಲ್ಲ. ಎದ್ದು ಸುರುಳಿಯನ್ನು ಹೊರಗೆಳೆದೆ.

ಸಾವಿನ ಮನೆಯಲ್ಲಿ ಕೊಡುಗೆ ಕೊಟ್ಟವರ ಹೆಸರು ಕೂಗುವ ಮುದುಕ ನಿನ್ನ ಹೆಸರಿನ ಹತ್ತಿರ ತಡವರಿಸಿದ. “ಸುಮಿಲೆ... ಇದು ಯಾವ ಕಡೆಯವರು?” ಹೆಂಗಸರ ಸಾಲಿನಿಂದ ಫೂಸಿ, “ನಮ್ಮ ಕಡೆಯವಳು, ಕೂಗು” ಎಂದಳು. ಅವನು ಗಂಟಲು ಸರಿಮಾಡಿಕೊಂಡು ಮತ್ತೊಮ್ಮೆ ಕೂಗಿದ.

ಬಟ್ಟೆಯನ್ನು ಎರಡು ಮಾಡಿದರು. ಮಣಿಗಳಿದ್ದ ಅರ್ಧ ಅಜ್ಜಿಯ ಜೊತೆ ಮಣ್ಣಿಗೆ ಹೋಯಿತು. ಇನ್ನರ್ಧವನ್ನು ಅಜ್ಜಿಯ ಸೋದರತ್ತೆಯ ಮಗಳು ಸಾವಿನ ಮನೆಯಲ್ಲಿ ಅತ್ತೆಯ ಕಡೆಯವರಿಗೆ ಸಲ್ಲುವ ಹಕ್ಕಿನಂತೆ ಸುತ್ತಿಕೊಂಡು ವವಾವು ದ್ವೀಪಕ್ಕೆ ಒಯ್ದಳು. ನಾನು ಕ್ಷಮೆ ಕೇಳಲು ಬರೆದಿಲ್ಲ, ಸುಮಿರೆ. ಸಿಟ್ಟು ಬಂದರೆ ಸಿಟ್ಟಾಗು, ಅದು ನಿನ್ನದು. ಆದರೆ ಏನಾಯಿತೆಂದು ಬೇರೆಯವರಿಂದ ತಿಳಿಯಬಾರದು ಅನ್ನಿಸಿತು.

ನಿನ್ನ ಮನೆಯಲ್ಲಿ ಬೆಳಕು ಚೆನ್ನಾಗಿರಲಿ, ನಿನ್ನ ತಂದೆಯ ಕೋಣೆಯಲ್ಲಿ ನಿನಗೆ ಒಳ್ಳೆಯ ನಿದ್ದೆ ಬರಲಿ.

ನಿನ್ನ,
ಲವೀನಿಯಾ

ಸಹಿ ಹಾಕಿ ಲಕೋಟೆ ಹುಡುಕುತ್ತಿದ್ದಾಗ ಫೂಸಿ ಬಾಗಿಲಿಗೆ ಬಂದಳು. ತೆಂಗಿನಗರಿಯ ಬುಟ್ಟಿಯಲ್ಲಿ ಬೆಂದ ಹಂದಿಯ ದೊಡ್ಡ ತುಂಡು, ಗೆಣಸು. ಬಟ್ಟೆ ಕೊಟ್ಟವರಿಗೆ ಸತ್ತವರ ಮನೆಯಿಂದ ಬರುವ ಪಾಲು. ನನ್ನದು ನಿನ್ನೆಯೇ ಬಂದಿತ್ತಲ್ಲ ಎಂದೆ. ಅವಳು ಬುಟ್ಟಿಯನ್ನು ಹೊಸ್ತಿಲ ಮೇಲಿಟ್ಟು ಸೊಂಟ ನೆಟ್ಟಗೆ ಮಾಡಿಕೊಂಡಳು.

“ಇದು ನಿಂದಲ್ಲ, ಸುಮಿಲೆದು. ಅಲ್ಲೀಗಂಟ ಹೋಗೋಷ್ಟರಲ್ಲಿ ಹಳಸಿ ಹೋಗತ್ತೆ. ಅವಳ ಪರವಾಗಿ ನೀನೇ ತಿನ್ನು. ತಿಂದು, ಹೊಟ್ಟೆ ತುಂಬ್ತು ಅಂತ ಅವಳಿಗೆ ಬರಿ.”