ಉಪವಾಸದ ಮಧ್ಯಾಹ್ನದ ನಿದ್ದೆ

…ಆಸ್ಪತ್ರೆಯಲ್ಲಾದರೆ ಕೂಗಿದಾಗ ಯಾರಾದರೂ ಬರುತ್ತಾರೆ, ಮನೆಯಲ್ಲಿ ನಾವು ನರ್ಸ್‌ಗಳು ಬರೀ ನೆಂಟರು ಅಂತಲೋ ಏನೋ ಹೇಳಿದ್ದಿರಿ, ವಿದಾದಕ್ಕ. ನೀವು ತೀರಿಕೊಂಡ ಮೇಲೆ, ಇರ್ಬಿದ್ ಊರಿನ ಮನೆಗಳಿಗೆ ನರ್ಸ್‌ಗಳನ್ನು ಕಳಿಸುವ ನಿಮ್ಮ ಕೆಲಸ ನನ್ನದಾಗಿದೆ. ಇವತ್ತು ಈಗಷ್ಟೇ ಕಾಲೇಜು ಮುಗಿಸಿದ ಶೈಮಾಳನ್ನು ಸಕ್ಕರೆ ಕಾಯಿಲೆಯ ಮುದುಕರಾದ ಅಬು ಗಾಲಿಬ್ ಅವರ ಮನೆಗೆ ಒಬ್ಬಳನ್ನೇ ಕಳಿಸಿದೆ.

ಮಧ್ಯಾಹ್ನ ಅವಳ ಫೋನ್ ಬಂತು. "ಮಿಸ್, ಅಜ್ಜ ಮಲಗಿದ್ದಾರೆ. ರಂಜಾನ್ ಅಲ್ವಾ, ಎಬ್ಬಿಸ್ಬೇಡ ಅಂತ ಮನೆಯವರು ಹೇಳ್ತಿದ್ದಾರೆ."

"ಇನ್ಸುಲಿನ್?"

"ಬೆಳಗಿನ ಜಾವ ಮಗನೇ ಚುಚ್ಚಿದ್ರಂತೆ. ಅಜ್ಜ ಏನೂ ತಿನ್ನದೆ ಉಪವಾಸ ಹಿಡಿದ್ರಂತೆ."

ಫೋನಿನಲ್ಲಿ ಅವಳ ಹಿಂದಿನಿಂದ ಮನೆಯ ಸೊಸೆಯ ನಗು ಕೇಳಿಸಿತು. "ಕೂತ್ಕೊಳ್ಳೇ ಮಗಳೇ, ನಮ್ಮ ಮಾವ ಸಂಜೆ ಉಪವಾಸ ಬಿಡೋ ಫಿರಂಗಿ ಹೊಡೆಯೋವರೆಗೂ ಏಳಲ್ಲ!"

"ಬಂದಾಗಿಂದ ಕೂತೇ ಇದ್ದೀಯಾ?" ಅಂತ ಶೈಮಾಳನ್ನು ಕೇಳಿದೆ.

"ದೊಡ್ಡವರು ಹೇಳಿದ್ಮೇಲೆ ಹೇಗೆ ಒಳಗೆ ನುಗ್ಗೋದು, ಮಿಸ್?"

"ಈಗಲೇ ಹೋಗಿ ಹಣೆ ಮುಟ್ಟು."

ಬಾಗಿಲು ಕಿರುಗುಟ್ಟಿತು. "ಮಿಸ್, ಬೆವರಿ ತಣ್ಣಗಾಗಿದ್ದಾರೆ. ಕೂಗಿದ್ರೂ ಕಣ್ಣು ಬಿಡ್ತಿಲ್ಲ."

ಸೊಸೆಯ ನಗು ನಿಂತಿತು. ರಕ್ತದಲ್ಲಿ ಸಕ್ಕರೆ ತೀರಾ ಇಳಿದಿದೆ ಎಂದು ಗೊತ್ತಾಗಿ ಆಂಬುಲೆನ್ಸ್ ಕಳಿಸಿದೆ. ಶೈಮಾ ಇನ್ನೂ ಫೋನ್ ಮಾಡಿಲ್ಲ; ನಾನಾಗಿ ಮಾಡಲು ಕೈ ಬರುತ್ತಿಲ್ಲ.

ನಾನು ಕೆಲಸಕ್ಕೆ ಸೇರಿದ ಮೊದಲ ವರ್ಷವೆಲ್ಲ ನೀವು ನನ್ನ ಜೊತೆಗೇ ಬಂದು ಬಾಗಿಲ ಬಳಿ ಸುಮ್ಮನೆ ಕೂರುತ್ತಿದ್ದಿರಿ. ನನಗೆ ಅವಮಾನವಾಗುತ್ತಿತ್ತು. ಅಕ್ಕ, ನಿಮಗೆ ನಂಬಿಕೆಯಿಲ್ಲದ್ದು ನನ್ನ ಮೇಲೋ, ಆ ಮನೆಗಳ ಮೇಲೋ?