ಸೆರಗುಮೈಕು

ಶಕ ೨೧೧೨, ಕಾರ್ತೀಕ ಶುದ್ಧ ಏಕಾದಶಿ
ಗಾಳಿಗುಡ್ಡ

ಮುತ್ತಜ್ಜಿ ಸೀತಾಬಾಯಿಯವರ ಪಾದಗಳಿಗೆ ತುಳಸವ್ವನ ನಮಸ್ಕಾರ.

ಇಂದು ಉಪವಾಸ. ಬೆಳಿಗ್ಗೆ ಎದ್ದು ಮಂಜುಬಲೆ ಹಿಂಡಿ ಎರಡು ಕೊಡ ನೀರು ತುಂಬಿಸಿದೆ, ದೇವರ ಮುಂದೆ ಸಾರಿಸಿ ದೀಪ ಹಚ್ಚಿದೆ. ಮಂಜುಬಲೆಯೆಂದರೆ ರಾತ್ರಿಯ ಇಬ್ಬನಿ ಹಿಡಿಯುವ ಬಟ್ಟೆ, ನಮಗೆ ಬಾವಿಯಿಲ್ಲ. ನಿಮಗೆ ತಿಳಿಯದ ಮಾತು ಬಂದರೆ ಕ್ಷಮಿಸಬೇಕು. ನಾನು ಊರಶಾಲೆಯಲ್ಲಿ ಕಲಿತವಳು.

ನಮ್ಮ ಮನೆತನದಲ್ಲಿ ಮೊದಲು ಕಿವಿಯೊಳಗೆ ಕೇಳಿಸುವ ಯಂತ್ರ ಕೂರಿಸಿಕೊಂಡವರು ನೀವೇ ಎಂದು ಹಿರಿಯರು ಬರೆದಿಟ್ಟಿದ್ದಾರೆ. ನನಗೂ ಅದೇ ಇದೆ. ಆದರೆ ಇಲ್ಲಿ ವಿದ್ಯುತ್ ತೆಗೆಯುವ ಗಾಳಿಕಂಬಗಳ ಗುಂಯ್‌ಗುಡುವಿಕೆ ಹಗಲಿರುಳೂ ನಿಲ್ಲದು. ಎದುರಿಗೆ ಕೂತವರ ಮಾತೂ ಅದರಲ್ಲಿ ಮುಳುಗುತ್ತದೆ. ಆದ್ದರಿಂದ ಮಾತಾಡುವವರ ಸೆರಗಿಗೆ ಬೆರಳಷ್ಟು ಮೈಕು ಸಿಕ್ಕಿಸುತ್ತೇನೆ. ದನಿ ನೇರ ನನ್ನ ಕಿವಿಗೆ ಬರುತ್ತದೆ. ಇದಕ್ಕೆ ನಾವು ಸೆರಗುಮೈಕು ಎನ್ನುತ್ತೇವೆ.

ಭಜನೆಯಲ್ಲಿ ಅದನ್ನು ಹಾಡು ಹೇಳಿಕೊಡುವ ಗೋದಕ್ಕ ಹಾಕಿಕೊಳ್ಳುತ್ತಿದ್ದಳು. ಆಕೆ ವಿಠಲ ಎಂದರೆ ನನ್ನ ತಲೆಯೊಳಗೇ ಯಾರೋ ದೀಪ ಎತ್ತಿ ಹಿಡಿದಂತೆ ಆಗುತ್ತಿತ್ತು. ಆಷಾಢದಲ್ಲಿ ಒಂದು ದಿನ ಭಜನೆ ಮುಗಿದ ಮೇಲೆ ಅವಳ ಸೆರಗಿನಿಂದ ಮೈಕು ಬಿಚ್ಚಿಕೊಳ್ಳಲು ಮರೆತು ನಾನು ಹಿತ್ತಲಲ್ಲಿ ತಟ್ಟೆ ತೊಳೆಯಲು ಹೋದೆ. ಗೋಡೆಯಾಚೆಯ ಮಾತು ಕೇಳತೊಡಗಿತು.

"ಇದನ್ನ ಕಟಗೊಂಡು ಹಾಡೂದಂದ್ರ ಉಸರ ಕಟ್ಟತೈತಿ ನೋಡವಾ," ಎಂದಳು ಗೋದಕ್ಕ.

"ಎಮ್ಮಿಗೆ ಗಂಟಿ ಕಟ್ಟಿದಂಗ ಅನ್ನು," ಎಂದು ಪಕ್ಕದ ಚಂದ್ರವ್ವ ನಕ್ಕಳು.

ಕಿವಿಯ ಗುಂಡಿ ಒತ್ತಿದ್ದರೆ ಸದ್ದು ನಿಲ್ಲುತ್ತಿತ್ತು. ಒತ್ತಲಿಲ್ಲ. ನಿಂತು ಎಲ್ಲ ಕೇಳಿದೆ. ಒಳಗೆ ಬಂದು, "ಗಂಟಿ ಬಿಚ್ಚಿ ಕೊಡಕ್ಕಾ," ಎಂದೆ. ಗೋದಕ್ಕ ಬಿಳಿಚಿಕೊಂಡು ಅದನ್ನು ಬಿಚ್ಚಿ ಹೂವಿನ ತಟ್ಟೆಯಲ್ಲಿಟ್ಟಳು.

ಅಂದಿನಿಂದ ಯಾರೂ ಅದನ್ನು ಮುಟ್ಟುವುದಿಲ್ಲ. ನಾಲ್ಕು ತಿಂಗಳಾಯಿತು. ಭಜನೆಗೆ ಹೋಗುತ್ತೇನೆ, ಬಾಯಿಗಳು ತೆರೆಯುತ್ತವೆ, ತಾಳಗಳು ಕೂಡುತ್ತವೆ, ನನಗೆ ಗಾಳಿಕಂಬ ಮಾತ್ರ ಕೇಳುತ್ತದೆ. ಎಲ್ಲರ ನಡುವೆ ಕೂತು ಒಬ್ಬಳೇ ಮನೆಗೆ ಬರುತ್ತೇನೆ. ಮುತ್ತಜ್ಜಿ, ನಿಮಗೂ ಹೀಗಾಗಿತ್ತೇ? ಮತ್ತೆ ಯಾರ ಮುಂದೆ, ಹೇಗೆ ಕೈಯೊಡ್ಡಿದಿರಿ? ಅದನ್ನೊಂದು ಬರೆಯಿರಿ.

ಹಿಂದಿನ ಕಾಲದವರಿಗೆ ಕಾಗದ ಒಯ್ಯುವ ಹಿಂದಂಚೆಯಲ್ಲಿ ಎಲ್ಲ ಕಾಗದವನ್ನೂ ಓದಿಯೇ ಮುದ್ರೆ ಒತ್ತುತ್ತಾರೆ. ನಮ್ಮೂರಲ್ಲಿ ಆ ಕೆಲಸ ಗೋದಕ್ಕನದು. ಆದ್ದರಿಂದ ಇನ್ನೆರಡು ಮಾತು ಅವಳಿಗೆ.

ಗೋದಕ್ಕ, ನೀನು ಅಂದದ್ದು ನಿನ್ನ ಉಸಿರಿನ ಮಾತು. ನಾನು ಕದ್ದು ಕೇಳಿದ್ದು ತಪ್ಪು. ಉತ್ತರ ಬಂದಾಗ ಚಾವಡಿಯ ಗದ್ದಲದಲ್ಲಿ ಹೆಸರು ಕೂಗುತ್ತಾರೆ, ನನಗೆ ತಿಳಿಯದು. ನೀನೇ ಹೋಗಿ ತಂದುಕೊಡು. ಓದಲು ನನಗೂ ಬರುತ್ತದೆ. ಆದರೂ ನೀನು ಓದಿ ಹೇಳು. ಸೆರಗುಮೈಕು ನಿನಗೆಂದು ಈ ಕಾಗದದ ಜೊತೆಗಿದೆ. ಓದಿ ಮುಗಿದ ಮೇಲೆ ಅದನ್ನು ನೀನೇ ಆರಿಸಿಬಿಡು.