ಫೆಲೋ ಡಾಕ್ಟರನ್ನು ಬ್ಯಾಡ್ಜು ಹಂಚಲು ನಿಲ್ಲಿಸಿದ ತರಬೇತಿ ನಿರ್ದೇಶಕರಿಗೆ

ಮಾನ್ಯರೇ,

ಕಷ್ಟದ ಹೆರಿಗೆಗಳನ್ನು ನಿಭಾಯಿಸಲು ಕಲಿಯಬೇಕೆಂದು ನಿಮ್ಮ ಆಸ್ಪತ್ರೆಗೆ ಬಂದಿರುವ ವೈದ್ಯೆಯನ್ನು, ಅಂಥದ್ದೇ ಒಂದು ಹೆರಿಗೆಯ ದಿನ, ನೀವು ಸಮ್ಮೇಳನದ ಬಾಗಿಲಲ್ಲಿ ಬ್ಯಾಡ್ಜು ಹಂಚಲು ನೇಮಿಸಿದ್ದೀರಿ. ಇದು ತಪ್ಪು. ಆ ಹೆರಿಗೆ ನನ್ನ ಅಕ್ಕನದು. ಸಮ್ಮೇಳನದ ವಿಷಯವೇನೆಂದು ನಿಮ್ಮ ಪೋಸ್ಟರನ್ನೇ ಓದಿದೆ: "ಕಷ್ಟದ ಹೆರಿಗೆ: ಮುಂದಿನ ಪೀಳಿಗೆಯ ವೈದ್ಯರಿಗೆ ಕೌಶಲ ದಾಟಿಸುವುದು ಹೇಗೆ?" ಉತ್ತರ ಸಿಕ್ಕರೆ ದಯವಿಟ್ಟು ಮೈಕು ಜೋರು ಮಾಡಿಸಿ. ಮುಂದಿನ ಪೀಳಿಗೆ ಬಾಗಿಲಾಚೆ ನಿಂತಿರುತ್ತದೆ.

ಅಕ್ಕನಿಗೆ ಇದು ಎರಡನೆಯ ಮಗು. ಮೊದಲನೆಯದು ಹೆಣ್ಣು, ಸಿಸೇರಿಯನ್. ಈ ಸಲ ಮಾಸು ಗರ್ಭಕೋಶದ ಬಾಯಿಗೆ ಅಡ್ಡ ಬಂದು, ಹಳೆಯ ಹೊಲಿಗೆಯ ಜಾಗಕ್ಕೂ ಅಂಟಿಕೊಂಡಿರಬಹುದಂತೆ. ಬಿಡಿಸುವಾಗ ರಕ್ತ ಕಟ್ಟೆಯೊಡೆದಂತೆ ಹರಿಯಬಹುದಂತೆ. ಇದಕ್ಕೆ ಪಳಗಿದ ಕೈಗಳು ಎರಡು ಜೊತೆ ಬೇಕು ಎಂದವರು ನಿಮ್ಮದೇ ಹಿರಿಯ ವೈದ್ಯೆ. ಒಂದು ಜೊತೆ ಅವರದು. ಇನ್ನೊಂದು ನಿಮ್ಮ ಫೆಲೋ ಡಾಕ್ಟರದು.

ಈ 'ಫೆಲೋ' ಎಂಬ ಮಾತು ನಮ್ಮ ಮನೆಯಲ್ಲಿ ಎಬ್ಬಿಸಿದ ಗಲಾಟೆಯನ್ನು ನೀವು ಕೇಳಲೇಬೇಕು. ಅಕ್ಕ ದಾಖಲಾದ ದಿನ ನರ್ಸಮ್ಮ ಬಂದು, "ರೆಡಿಯಾಗಿರಿ, ಈಗ ಫೆಲೋ ಬಂದು ನೋಡ್ತಾರೆ" ಅಂದರು. ಅಮ್ಮ ಸೆರಗು ಸಿಕ್ಕಿಸಿ ಎದ್ದು ನಿಂತಳು.

"ಯಾವ ಫೆಲೋ? ನನ್ನ ಮಗಳ ಹೊಟ್ಟೆ ಮುಟ್ಟೋಕೆ ಡಾಕ್ಟರು ಬರಲಿ. ಯಾವನೋ ಫೆಲೋ ಬಂದ್ರೆ ಬಾಗಿಲಲ್ಲೇ ವಿಚಾರಿಸ್ಕೋತೀನಿ!"

"ಅಮ್ಮಾ, ಅದು ಪದವಿ ಕಣಮ್ಮಾ" ಎಂದೆ.

"ನಿನ್ನನ್ನೂ ಮೇಷ್ಟ್ರು ಯೂಸ್‌ಲೆಸ್ ಫೆಲೋ ಅಂತಿದ್ರು. ಅದೂ ಪದವೀನಾ?"

ಅಷ್ಟರಲ್ಲಿ ಬಾಗಿಲು ತೆರೆಯಿತು. ಅಮ್ಮನ ಭುಜಕ್ಕೂ ಬಾರದ, ದಪ್ಪ ಕನ್ನಡಕದ ಹೆಣ್ಣುಮಗಳೊಬ್ಬರು ಒಳಬಂದು, "ಆ ಫೆಲೋ ನಾನೇಮ್ಮಾ. ವಿಚಾರಿಸ್ಕೊಳ್ಳಿ" ಅಂದರು. ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗಬೇಡಿ, ಹೊಟ್ಟೆ ಅಲುಗುತ್ತೆ ಎಂದು ನರ್ಸಮ್ಮ ತಾವೇ ನಗುತ್ತ ಗದರಿದರು.

ವೈದ್ಯಕೀಯ ಓದಿ, ಹೆರಿಗೆ ಮತ್ತು ಸ್ತ್ರೀರೋಗದಲ್ಲಿ ತಜ್ಞರಾಗಿ, ಅದೂ ಸಾಲದೆಂದು ಇಂಥ ಹೆರಿಗೆಗಳನ್ನೇ ಕಲಿಯಲು ಮತ್ತೆ ವಿದ್ಯಾರ್ಥಿಯಾದವರನ್ನು ಫೆಲೋ ಎನ್ನುತ್ತಾರೆಂದು ಅಮ್ಮನಿಗೆ ಅವತ್ತೇ ತಿಳಿಯಿತು. ಈಗ ವಾರ್ಡಿನ ಬೇರೆ ತಾಯಂದಿರಿಗೂ ಅವಳೇ ಪಾಠ ಹೇಳುತ್ತಾಳೆ: "ಬರೀ ಡಾಕ್ಟರಲ್ಲ ಕಣ್ರೀ, ಫೆಲೋ!" ನಿಮ್ಮ ಕಚೇರಿ ಮಾತ್ರ ಆ ಪದವನ್ನು ಇನ್ನೂ ನಮ್ಮ ಅಮ್ಮನ ಹಳೆಯ ಅರ್ಥದಲ್ಲೇ ಬಳಸುತ್ತಿದೆ. ಏ ಫೆಲೋ, ಕುರ್ಚಿ ಜೋಡಿಸು. ಏ ಫೆಲೋ, ಅತಿಥಿಗಳನ್ನು ಕರೆದುಕೊಂಡು ಬಾ. ಇದಕ್ಕೆ ಉನ್ನತ ತರಬೇತಿ ಎಂದು ಹೆಸರಿಟ್ಟ ಧೈರ್ಯವನ್ನು ಮೆಚ್ಚಬೇಕು.

ಸೋಮವಾರ ಫೆಲೋ ಡಾಕ್ಟರು ವಾರ್ಡಿಗೆ ಬಂದಾಗ ಸ್ಟೆತೊಸ್ಕೋಪ್ ಕಾಣದಷ್ಟು ಬ್ಯಾಡ್ಜುಗಳು ಕತ್ತಿನಲ್ಲಿ ನೇತಾಡುತ್ತಿದ್ದವು.

"ಇದೇನಮ್ಮಾ, ಕತ್ತಿಗೆ ಇಷ್ಟೊಂದು ಹಗ್ಗ?" ಎಂದಳು ಅಮ್ಮ.

"ಅತಿಥಿಗಳದಮ್ಮಾ. ಶುಕ್ರವಾರ ಬಾಗಿಲಲ್ಲಿ ನಿಂತು ನಾನೇ ಕೊಡ್ಬೇಕು."

"ಶುಕ್ರವಾರ ಇವಳ ಆಪರೇಷನ್ ಅಲ್ವಾ?"

ಅವರು ಸ್ಕ್ಯಾನನ್ನು ಬೆಳಕಿಗೆ ಹಿಡಿದು, ಆಗಲೇ ನೋಡಿದ್ದನ್ನೇ ಮತ್ತೆ ನೋಡಿದರು. ಆ ದಿನ ಫೆಲೋ ಡಾಕ್ಟರನ್ನು ಬಿಟ್ಟುಕೊಡಿ ಎಂದು ಹಿರಿಯ ವೈದ್ಯೆ ನಿಮ್ಮ ಕಚೇರಿಗೆ ಕೇಳಿಕಳಿಸಿದ್ದಕ್ಕೆ "ಸಹಾಯಕ್ಕೆ ಯಾರಾದರೂ ಇರ್ತಾರೆ" ಎಂಬ ಉತ್ತರ ಬಂತು. ಈ ಯಾರಾದರೂ ಎಂಬ ವೈದ್ಯರನ್ನು ನಾನು ಎಲ್ಲ ಅಂತಸ್ತುಗಳಲ್ಲೂ ಹುಡುಕಿದೆ. ಎಲ್ಲೂ ಅವರ ಬೋರ್ಡು ಕಾಣಲಿಲ್ಲ. ಅಷ್ಟು ಸಮರ್ಥರಾಗಿದ್ದರೆ ಬ್ಯಾಡ್ಜು ಹಂಚುವ ಕೆಲಸವನ್ನು ಅವರಿಗೇ ವಹಿಸಬಾರದೇಕೆ? ಬ್ಯಾಡ್ಜು ತಪ್ಪಿದರೆ ಒಬ್ಬ ಪ್ರೊಫೆಸರು ಇನ್ನೊಬ್ಬ ಪ್ರೊಫೆಸರಾಗುತ್ತಾರೆ, ಅಷ್ಟೆ. ಅಕ್ಕನ ವಿಷಯದಲ್ಲಿ ತಪ್ಪಿದರೆ ಭಾವನಿಗೆ ಏನೆಂದು ಹೇಳಲಿ? ಅವಳ ಮಗಳಿಗೆ?

ಈ ಪತ್ರ ಬರೆಯಲು ಫೆಲೋ ಡಾಕ್ಟರು ಹೇಳಿಲ್ಲ. "ಬರೀಬೇಡಪ್ಪಾ, ನನ್ನ ಸರ್ಟಿಫಿಕೇಟಿಗೆ ಸಹಿ ಹಾಕೋರು ಅವರೇ" ಎಂದು ಕೈಮುಗಿದರು. ಕಲಿಸಬೇಕಾದವರ ಮುಂದೆ ಕಲಿಯುವವರು ಕಲಿಸಿ ಎಂದು ಕೇಳಲು ಹೆದರುವುದು ಎಂಥ ವ್ಯವಸ್ಥೆ? ನಾನು ಓದಿರುವ ಕ್ರಾಂತಿಯ ಕಿರುಹೊತ್ತಿಗೆಗಳಲ್ಲಿ ಇದಕ್ಕೆ ಬಹಳ ಖಾರವಾದ ಹೆಸರುಗಳಿವೆ. ಅವನ್ನೆಲ್ಲ ಮೊದಲ ಕರಡಿನಲ್ಲಿ ಬಳಸಿದ್ದೆ. ಅಕ್ಕ ಮಲಗಿದಲ್ಲೇ ಓದಿ ಒಂದೊಂದಾಗಿ ಹೊಡೆದುಹಾಕಿದಳು. "ಕ್ರಾಂತಿ ಮಾಡೋ, ಬೇಡ ಅನ್ನಲ್ಲ. ನನ್ನ ಹೊಲಿಗೆ ಬಿಚ್ಚಿದ ಮೇಲೆ ಮಾಡು" ಅಂದಳು. ಆಮೇಲೆ ದನಿ ತಗ್ಗಿಸಿ, "ಆ ಡಾಕ್ಟರು ಪಕ್ಕದಲ್ಲಿದ್ರೆ ನಂಗೆ ಭಯ ಆಗಲ್ಲ ಕಣೋ" ಅಂದಳು. ಆ ಮಾತನ್ನು ಹೊಡೆದುಹಾಕುವ ಹಕ್ಕು ನಿಮಗೂ ಇಲ್ಲ, ನನಗೂ ಇಲ್ಲ.

ಆದ್ದರಿಂದ ನನ್ನ ಬೇಡಿಕೆ ಇದು. ಶುಕ್ರವಾರ ಫೆಲೋ ಡಾಕ್ಟರು ಆಪರೇಷನ್ ಕೊಠಡಿಯಲ್ಲಿರಬೇಕು. ಸಮ್ಮೇಳನದ ಬಾಗಿಲಲ್ಲಿ ನಾನು ನಿಲ್ಲುತ್ತೇನೆ. ಹೌದು, ಅಕ್ಕ ಒಳಗಿರುವಾಗ ಕೊಠಡಿಯ ಹೊರಗೆ ಕಾಯಬೇಕಾದವನು ನಾನು. ಆದರೆ ಅಲ್ಲಿ ನನ್ನ ಕೈಗೆ ಕೆಲಸವಿಲ್ಲ. ಗಣ್ಯರು, ಅತಿಗಣ್ಯರು ಎಂದು ಮನುಷ್ಯರನ್ನು ವಿಂಗಡಿಸುವುದು ನನ್ನ ತತ್ವಕ್ಕೆ ಪೂರ್ತಿ ವಿರುದ್ಧ. ಆದರೂ ಹಲ್ಲು ಕಚ್ಚಿಕೊಂಡು, ನಗುತ್ತ, ಹೆಸರು ತಪ್ಪದಂತೆ ಹಂಚುತ್ತೇನೆ. ಬ್ಯಾಡ್ಜುಗಳನ್ನು ವಹಿಸಿಕೊಳ್ಳಲು ಗುರುವಾರ ಸಂಜೆ ನಾಲ್ಕು ಗಂಟೆಗೆ ನಿಮ್ಮ ಕಚೇರಿಯ ಬಾಗಿಲಿಗೆ ಬರುತ್ತೇನೆ. ಇಸ್ತ್ರಿ ಮಾಡಿದ ಅಂಗಿಯಲ್ಲೇ ಬರುತ್ತೇನೆ.

ಇಂತಿ,
ಶುಕ್ರವಾರ ಮತ್ತೊಮ್ಮೆ ಸೋದರಮಾವನಾಗಲಿರುವ,
ಅಕ್ಕನ ಹೊಲಿಗೆ ಬಿಚ್ಚುವತನಕ ಕ್ರಾಂತಿಯನ್ನು ಮುಂದೂಡಿರುವ ಒಬ್ಬ ತಮ್ಮ